ಬಿರುಗಾಳಿಗೆ ಸಿಕ್ಕ ತೋಟ: ಮೊದಲು ಎಣಿಸಿ, ಆಮೇಲೆ ಕಡಿಯಿರಿ

‘ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ’ ಎಂಬುದು ನಮ್ಮ ರೈತರ ಅನುಭವದ ಮಾತು. ಆದರೆ ಭರಣಿ, ಕೃತ್ತಿಕೆ ಮಳೆಗಳು ಒಂಟಿಯಾಗಿ ಬರುವುದಿಲ್ಲ. ಗುಡುಗು, ಸಿಡಿಲು, ಬಿರುಗಾಳಿ, ಕೆಲವೊಮ್ಮೆ ಆಲಿಕಲ್ಲುಗಳನ್ನೂ ಜೊತೆಗೆ ತರುತ್ತವೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ಮೇಲೇರಿ ದೊಡ್ಡ ಮೋಡ ಕಟ್ಟುತ್ತದೆ. ಆ ಮೋಡದಿಂದ ತಣ್ಣನೆಯ ಗಾಳಿ ರಭಸವಾಗಿ ಕೆಳಗಿಳಿದು ಸುತ್ತಲೂ ನುಗ್ಗುತ್ತದೆ. ಹೀಗಾಗಿ ಹಾನಿ ಹೆಚ್ಚಾಗಿ ಮಧ್ಯಾಹ್ನದ ನಂತರ ಆಗುತ್ತದೆ. ಒಂದು ಊರಿನ ತೋಟ ನೆಲಕ್ಕೆ ಮಲಗಿದ್ದರೆ ಪಕ್ಕದ ಊರಿನಲ್ಲಿ ಏನೂ ಆಗದೆ ಇರುವುದೂ ಉಂಟು. ಕರಾವಳಿಯ ಮಾತು ಬೇರೆ. 2021ರ ಮೇ ತಿಂಗಳಲ್ಲಿ ಬಂದ ತೌಕ್ತೆಯಂಥ ಚಂಡಮಾರುತ ಇಡೀ ತೀರವನ್ನೇ ಅಲುಗಾಡಿಸಿ ಹೋಗುತ್ತದೆ.

ಗಾಳಿಯನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಗಾಳಿ ನಿಂತ ಮರುದಿನ ಏನು ಮಾಡುತ್ತೇವೆ ಎಂಬುದು ಮಾತ್ರ ಪೂರ್ತಿಯಾಗಿ ನಮ್ಮ ಕೈಯಲ್ಲಿದೆ. ಇಲ್ಲಿ ರೈತರು ಎರಡು ವಿಧದಲ್ಲಿ ನಷ್ಟ ಅನುಭವಿಸುತ್ತಾರೆ. ಕೆಲವರು ಮನನೊಂದು ತೋಟಕ್ಕೆ ಟ್ರ್ಯಾಕ್ಟರ್ ಇಳಿಸಿ, ಉಳಿಯಬಹುದಾಗಿದ್ದ ಗಿಡಗಳನ್ನೂ ಕಿತ್ತು ಹಾಕುತ್ತಾರೆ. ಇನ್ನು ಕೆಲವರು ಕೈಚೆಲ್ಲಿ ಕುಳಿತು, ಬಿದ್ದುದನ್ನು ವಾರಗಟ್ಟಲೆ ಹಾಗೆಯೇ ಬಿಟ್ಟು, ನಿಂತ ಮರಗಳನ್ನೂ ರೋಗ ಮತ್ತು ಕೀಟಗಳಿಗೆ ಒಪ್ಪಿಸುತ್ತಾರೆ. ಇವೆರಡೂ ಬೇಡ. ಗಿಡಗಳನ್ನು ಒಂದೊಂದಾಗಿ ಎಣಿಸಿ, ‘ಹೋದವು’, ‘ಉಳಿಸಬಹುದಾದವು’, ‘ಚೆನ್ನಾಗಿರುವವು’ ಎಂದು ಮೂರು ಗುಂಪು ಮಾಡಿ. ಮುಂದಿನ ಎಲ್ಲ ಕೆಲಸಕ್ಕೂ ಈ ಲೆಕ್ಕವೇ ಆಧಾರ.

ತೋಟಕ್ಕೆ ಇಳಿಯುವ ಮೊದಲು

ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆಯಾದರೂ ಕಾಯಬೇಕು. ತಂತಿ ಹರಿದು ಬಿದ್ದಿದ್ದರೆ ಅದರ ಹತ್ತಿರ ಹೋಗಬಾರದು, ದನಕರುಗಳನ್ನೂ ಬಿಡಬಾರದು. ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿ, ಸಿಬ್ಬಂದಿ ಬಂದು ಪರೀಕ್ಷಿಸುವವರೆಗೆ ಪಂಪ್‌ಸೆಟ್ಟಿನ ಸ್ವಿಚ್ ಮುಟ್ಟಬೇಡಿ. ಅರ್ಧ ಮುರಿದು ನೇತಾಡುತ್ತಿರುವ ಮರ, ಗರಿಗಳ ಕೆಳಗೆ ಕೂಲಿಯಾಳುಗಳನ್ನು ನಿಲ್ಲಿಸಬಾರದು.

ಸ್ವಚ್ಛ ಮಾಡುವ ಮೊದಲು ದಾಖಲೆ

ಬಿದ್ದ ಮರ ಸಾಗಿಸಿದ ಮೇಲೆ ನಷ್ಟಕ್ಕೆ ಸಾಕ್ಷಿ ಉಳಿಯುವುದಿಲ್ಲ. ಆದ್ದರಿಂದ ಮಚ್ಚು ಹಿಡಿಯುವ ಮೊದಲು ತೋಟದ ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯಿರಿ. ಸರ್ವೆ ನಂಬರು, ಒಟ್ಟು ಗಿಡಗಳು, ಬಿದ್ದ ಗಿಡಗಳು, ಗಾಳಿ ಬೀಸಿದ ದಿನ ಮತ್ತು ಹೊತ್ತು ಇವಿಷ್ಟನ್ನು ಬರೆದಿಡಿ. ಗ್ರಾಮ ಆಡಳಿತ ಅಧಿಕಾರಿ ಹಾಗೂ ತೋಟಗಾರಿಕೆ ಇಲಾಖೆಗೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ. ಪಹಣಿಯಲ್ಲಿ ಬೆಳೆಯ ಹೆಸರು ಸರಿಯಾಗಿದೆಯೇ ಎಂದು ನೋಡಿಕೊಳ್ಳಿ.

ವಿಪತ್ತು ಪರಿಹಾರ ನಿಧಿಯ ಸಹಾಯಕ್ಕೆ ಮೊದಲು ಶೇಕಡ 50ರಷ್ಟು ಬೆಳೆ ನಷ್ಟವಾಗಿರಬೇಕಿತ್ತು. 2015ರಲ್ಲಿ ಈ ಮಿತಿಯನ್ನು ಶೇಕಡ 33ಕ್ಕೆ ಇಳಿಸಲಾಯಿತು. 2022-23ರಿಂದ 2025-26ರ ಅವಧಿಗೆ ಕೇಂದ್ರ ಸರ್ಕಾರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ., ಬಹುವಾರ್ಷಿಕ ಬೆಳೆಗೆ 22,500 ರೂ.ಗಳಂತೆ, ಹೆಚ್ಚೆಂದರೆ 2 ಹೆಕ್ಟೇರಿಗೆ ನಿಗದಿ ಮಾಡಿತ್ತು. ನಿಮ್ಮ ಹಾನಿಗೆ ಯಾವ ಸಹಾಯ ಅನ್ವಯಿಸುತ್ತದೆ, ಆ ವರ್ಷದ ದರವೇನು ಎಂಬುದನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿ ತಿಳಿಯಿರಿ. ಶೇಕಡ 33 ದಾಟಿತೋ ಇಲ್ಲವೋ ಎಂಬುದಕ್ಕೆ ನಿಮ್ಮ ಎಣಿಕೆ ನೆರವಾಗುತ್ತದೆ.

ವಿಮೆ ಮಾಡಿಸಿದ್ದರೆ, ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆ, ಹೊಲ ಜಲಾವೃತವಾಗುವುದು ಮೊದಲಾದ ಸ್ಥಳೀಯ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕು. ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿಗದಿಯಾಗುವುದು ಮುಖ್ಯವಾಗಿ ಹವಾಮಾನ ಕೇಂದ್ರದ ಅಂಕಿಗಳಿಂದ. ಈ ವ್ಯತ್ಯಾಸವನ್ನು ಕಂತು ಕಟ್ಟುವಾಗಲೇ ತಿಳಿದಿರುವುದು ಒಳ್ಳೆಯದು.

ಮೊದಲು ನೀರು ಬಸಿಯಲಿ

ಗಾಳಿಗೆ ತೂಗಾಡಿದ ಗಿಡದ ಬೇರುಗಳು ಹರಿದಿರುತ್ತವೆ. ಅಂಥ ಬೇರಿಗೆ ನೀರು ನಿಂತರೆ ಉಸಿರುಕಟ್ಟಿ ಕೊಳೆಯುತ್ತದೆ. ಆದ್ದರಿಂದ ಬಸಿಗಾಲುವೆಗಳಲ್ಲಿ ಸಿಕ್ಕಿಕೊಂಡ ಗರಿ, ಸೋಗೆ, ಬಾಳೆದಿಂಡುಗಳನ್ನು ತೆಗೆದು ಅದೇ ದಿನ ನೀರು ಹೊರಹಾಕಬೇಕು. ಮರದ ಬುಡದಲ್ಲಿ ಬಿರುಕು, ಗುಂಡಿಗಳು ಕಂಡರೆ ಮಣ್ಣು ತುಂಬಿ ತುಳಿದು ಗಟ್ಟಿ ಮಾಡಬೇಕು.

ಬಾಳೆ

ಬಾಳೆಯ ಬೇರುಗಳು ಹೆಚ್ಚಾಗಿ ಮೇಲಿನ ಒಂದು ಅಡಿ ಮಣ್ಣಿನಲ್ಲಿಯೇ ಇರುತ್ತವೆ. ಅದರ ದಿಂಡು ಎಲೆಯ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡು ಆದದ್ದೇ ಹೊರತು ನಿಜವಾದ ಕಾಂಡವಲ್ಲ. ಗಾಳಿಗೆ ಬಾಳೆ ಮೊದಲು ಬೀಳುವುದು ಇದರಿಂದಲೇ. ಆದರೆ ನೆಲದೊಳಗಿನ ಗೆಡ್ಡೆ ಜೀವಂತವಾಗಿ ಉಳಿಯುವುದರಿಂದ ಬೇಗ ಚೇತರಿಸಿಕೊಳ್ಳುವುದೂ ಬಾಳೆಯೇ.

ಎಲೆ ಹರಿದಿದೆ, ಗಿಡ ನಿಂತಿದೆ: ಹರಿದ ಎಲೆಯನ್ನು ಕತ್ತರಿಸಬೇಡಿ. ನರಗಳ ನಡುವೆ ಸೀಳಿ ಪಟ್ಟಿಯಾದರೂ ಹಸಿರಾಗಿರುವಷ್ಟು ದಿನ ಎಲೆ ಆಹಾರ ತಯಾರಿಸುತ್ತದೆ. ಮಡಚಿ ಒಣಗಿದ್ದನ್ನು ಮಾತ್ರ ತೆಗೆಯಿರಿ. ಬಿಸಿಲಿಗೆ ತೆರೆದುಕೊಂಡ ಗೊನೆಗಳಿಗೆ ಒಣ ಬಾಳೆ ಎಲೆ ಹೊದಿಸಿ.

ಎಳೆಯ ಗಿಡ ವಾಲಿದೆ: ಎರಡು ಮೂರು ದಿನಗಳೊಳಗೆ ಮೆಲ್ಲಗೆ ಎತ್ತಿ ನಿಲ್ಲಿಸಿ, ಬುಡಕ್ಕೆ ಮಣ್ಣು ಏರಿಸಿ.

ಗೊನೆ ಬಿಟ್ಟ ಗಿಡ ವಾಲಿದೆ: ಇದನ್ನು ನೆಟ್ಟಗೆ ಮಾಡಲು ಹೋದರೆ ಉಳಿದಿರುವ ಬೇರುಗಳೂ ಹರಿಯುತ್ತವೆ. ವಾಲಿದ ಸ್ಥಿತಿಯಲ್ಲಿಯೇ ಬಿದಿರು ಕವೆಗಳನ್ನು ಆನಿಸಿ ಕಟ್ಟಿ, ಬುಡಕ್ಕೆ ಮಣ್ಣು ಕೊಡಿ.

ಗೊನೆಸಹಿತ ಮುರಿದಿದೆ: ಕಾಯಿ ಮುಕ್ಕಾಲು ಭಾಗ ಬಲಿತಿದ್ದರೆ ಒಂದೆರಡು ದಿನಗಳಲ್ಲಿ ಕಡಿದು ನೆರಳಿಗೆ ಸಾಗಿಸಿ. ಎಳೆಯ ಗೊನೆಗಳನ್ನು ತರಕಾರಿಗೆ, ಚಿಪ್ಸ್ ಮಾಡುವವರಿಗೆ ಬೇರೆಯಾಗಿ ಮಾರಿ. ಎರಡನ್ನೂ ಒಂದೇ ರಾಶಿ ಹಾಕಿದರೆ ವ್ಯಾಪಾರಿ ಎಳೆಯದರ ಬೆಲೆಯನ್ನೇ ಎಲ್ಲಕ್ಕೂ ಕಟ್ಟುತ್ತಾನೆ.

ಗೊನೆ ಬಿಡುವ ಮೊದಲೇ ಮುರಿದಿದೆ: ದಿಂಡನ್ನು ಬುಡಕ್ಕೆ ಕಡಿದು, ಕತ್ತಿಯಂತೆ ಕಿರಿದಾದ ಎಲೆಯ ಒಂದು ಬಲವಾದ ಕಂದನ್ನು ಮಾತ್ರ ಉಳಿಸಿ. ಹೊಸದಾಗಿ ನಾಟಿ ಮಾಡುವುದಕ್ಕಿಂತ ಇದು ಬೇಗ ಬೆಳೆಯುತ್ತದೆ. ಉಳುಮೆ, ಗುಂಡಿ, ಸಸಿಗಳ ಖರ್ಚೂ ಇಲ್ಲ.

ಒಂದು ಉದಾಹರಣೆ ನೋಡೋಣ. 6 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 1,210 ಗಿಡಗಳು. ಗಾಳಿಯ ಮರುದಿನ ದೂರದಿಂದ ನೋಡಿದರೆ ‘ಎಲ್ಲ ಹೋಯಿತು’ ಎನಿಸುತ್ತದೆ. ಎಣಿಸಿದಾಗ 500 ಮುರಿದಿವೆ, 300 ವಾಲಿವೆ, 410 ನಿಂತಿವೆ ಎಂದಾದರೆ, ವಾಲಿದವಕ್ಕೆ ಕವೆ ಕೊಟ್ಟು 700 ಗೊನೆಗಳ ಆಸೆ ಇಟ್ಟುಕೊಳ್ಳಬಹುದು. ಮುರಿದ 500ರ ಬುಡದಲ್ಲಿ ಕಂದುಗಳಿವೆ. ಇಂಥ ತೋಟವನ್ನು ಕಿತ್ತು ಹಾಕಿದರೆ ಗಾಳಿ ಮಾಡಿದ ನಷ್ಟಕ್ಕಿಂತ ನಾವು ಮಾಡಿಕೊಂಡ ನಷ್ಟವೇ ದೊಡ್ಡದಾಗುತ್ತದೆ.

ತೆಂಗು

ತೆಂಗಿಗೆ ಇರುವುದು ಒಂದೇ ಸುಳಿ. ಸುಳಿ ಪೂರ್ತಿ ಮುರಿದ ಮರ ಚಿಗುರುವುದಿಲ್ಲ. ಸುಳಿ ಗಟ್ಟಿಯಾಗಿದ್ದು ಗರಿಗಳು ಮಾತ್ರ ಮುರಿದಿದ್ದರೆ ಮರ ಬದುಕುತ್ತದೆ. ಸುಳಿ ತಿರುಚಿದ್ದರೆ ಅಥವಾ ಕೊಳೆಯತೊಡಗಿದ್ದರೆ ಕೊಳೆತ ಭಾಗವನ್ನು ಹರಿತವಾದ ಕತ್ತಿಯಿಂದ ಕೆತ್ತಿ ತೆಗೆದು, ಶೇಕಡ 10ರ ಬೋರ್ಡೋ ಮುಲಾಮು ಹಚ್ಚಿ, ಹೊಸ ಸುಳಿ ಬರುವವರೆಗೆ ಮಳೆನೀರು ಇಳಿಯದಂತೆ ಮುಚ್ಚಬೇಕು. ಸುತ್ತಲಿನ ಮರಗಳ ಸುಳಿಗೆ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು.

ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆ ಇಡುತ್ತದೆ. ಆದ್ದರಿಂದ ಕಾಂಡದ ಗಾಯಗಳಿಗೆ ತಕ್ಷಣ ಮುಲಾಮು ಅಥವಾ ಡಾಂಬರು ಹಚ್ಚಿ. ಹಸಿರು ಗರಿ ಕಡಿಯಲೇಬೇಕಾದರೆ ಕಾಂಡದಿಂದ ಸುಮಾರು 4 ಅಡಿ ಬಿಟ್ಟು ಕಡಿಯಿರಿ. ಬಿದ್ದ ಮರಗಳನ್ನು ತೋಟದಲ್ಲಿ ಕೊಳೆಯಲು ಬಿಡಬಾರದು. ಅವುಗಳಲ್ಲಿ ರೈನೋಸರಸ್ ದುಂಬಿ ಸಂತಾನ ಬೆಳೆಸಿ ನಿಂತ ಮರಗಳ ಸುಳಿ ಕೊರೆಯುತ್ತದೆ. ತೊಲೆಗೆ ಬರುವುದನ್ನು ತೊಲೆಗೆ, ಉಳಿದುದನ್ನು ಸೌದೆಗೆ ಬಳಸಿ.

ಮೂರು ನಾಲ್ಕು ವರ್ಷದ ಗಿಡ ವಾಲಿದ್ದರೆ, ಎತ್ತಬೇಕಾದ ದಿಕ್ಕಿನಲ್ಲಿ ಮಣ್ಣು ಬಿಡಿಸಿ, ಕಾಂಡಕ್ಕೆ ಗೋಣಿ ಸುತ್ತಿ, ಹಗ್ಗದಿಂದ ನಿಧಾನವಾಗಿ ಎಳೆದು ಮೂರು ಕಡೆ ಊರುಗೋಲು ಕೊಡಬಹುದು. ದೊಡ್ಡ ಮರಕ್ಕೆ ಈ ಪ್ರಯತ್ನ ಫಲಿಸುವುದಿಲ್ಲ.

ಇನ್ನೊಂದು ಮಾತು. ತೆಂಗಿನ ಹೊಂಬಾಳೆ ಅರಳುವ ಸುಮಾರು ಎರಡೂವರೆ ವರ್ಷ ಮೊದಲೇ ಸುಳಿಯೊಳಗೆ ರೂಪುಗೊಂಡಿರುತ್ತದೆ. ಅರಳಿದ ಮೇಲೆ ಕಾಯಿ ಬಲಿಯಲು ಮತ್ತೊಂದು ವರ್ಷ ಬೇಕು. ಹಾಗಾಗಿ ಗಾಳಿಯ ಪೆಟ್ಟು ಎರಡು ಮೂರು ವರ್ಷಗಳ ಇಳುವರಿಯಲ್ಲಿ ಕಾಣುತ್ತದೆ. ಮುಂದಿನ ವರ್ಷ ಕಾಯಿ ಕಡಿಮೆಯಾಯಿತೆಂದು ಆರೋಗ್ಯವಾಗಿರುವ ಮರವನ್ನು ಕಡಿಯಬಾರದು.

ಅಡಿಕೆ

ಮುರಿದ ಅಡಿಕೆ ಮರವೂ ಚಿಗುರುವುದಿಲ್ಲ. ಆದರೆ ಇಲ್ಲಿ ಹೆಚ್ಚು ಗಮನ ಬೇಕಾದದ್ದು ನಿಂತ ಮರಗಳಿಗೆ. ಪಕ್ಕದ ಮರಗಳು ಬಿದ್ದು ತೋಟ ತೆರವಾದಾಗ, ಇಷ್ಟು ದಿನ ನೆರಳಿನಲ್ಲಿದ್ದ ಕಾಂಡಕ್ಕೆ ಪಶ್ಚಿಮ ಮತ್ತು ನೈಋತ್ಯ ದಿಕ್ಕಿನ ಇಳಿಬಿಸಿಲು ನೇರವಾಗಿ ಬಡಿಯುತ್ತದೆ. ಕಾಂಡ ಸುಟ್ಟು, ಹಳದಿಯಾಗಿ, ಬಿರುಕು ಬಿಟ್ಟು, ಮುಂದಿನ ಗಾಳಿಗೆ ಅಲ್ಲಿಯೇ ಮುರಿಯುತ್ತದೆ. ಬಿಸಿಲು ಬೀಳುವ ಕಡೆಗೆ ಅಡಿಕೆ ಹಾಳೆ ಅಥವಾ ಸೋಗೆ ಕಟ್ಟಬೇಕು, ಇಲ್ಲವೇ ಸುಣ್ಣ ಬಳಿಯಬೇಕು. ಖಾಲಿ ಜಾಗದಲ್ಲಿ ಬಾಳೆ ಹಾಕಿದರೆ ನೆರಳೂ ಸಿಗುತ್ತದೆ, ಒಂದಿಷ್ಟು ಆದಾಯವೂ ಬರುತ್ತದೆ.

ಬಿದ್ದ ಮರ ದಬ್ಬೆಗೆ, ಸೋಗೆ ಬುಡದ ಮುಚ್ಚಿಗೆಗೆ ಉಪಯೋಗವಾಗುತ್ತದೆ. ಬಿದ್ದ ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಯ ಬುಡ ಗಟ್ಟಿಯಾಗಿದ್ದರೆ ಬಳ್ಳಿಯನ್ನು ಸುಮಾರು 3 ಅಡಿಗೆ ಕತ್ತರಿಸಿ ಹೊಸ ಆಸರೆಗೆ ಹಬ್ಬಿಸಿ. ಮಳೆ ಹಿಡಿದ ಮೇಲೆ ಹಳೆಯ ಬುಡದಿಂದ ಸ್ವಲ್ಪ ದೂರದಲ್ಲಿ ಹೊಸ ಸಸಿ ನೆಡಿ. ಹೊಸ ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕಾಗುವುದರಿಂದ ಈ ಕೆಲಸವನ್ನು ಮುಂದಿನ ವರ್ಷಕ್ಕೆ ತಳ್ಳಬಾರದು.

ಬೋರ್ಡೋ ತಯಾರಿಸುವ ಕ್ರಮ

ಶೇಕಡ 1ರ ದ್ರಾವಣ: 1 ಕಿ.ಗ್ರಾಂ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿ.ಗ್ರಾಂ ಸುಟ್ಟ ಸುಣ್ಣವನ್ನು ಅರಳಿಸಿ ಇನ್ನು 50 ಲೀಟರ್ ನೀರಿನಲ್ಲಿ ಕರಗಿಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಿರಿ.

ಶೇಕಡ 10ರ ಮುಲಾಮು: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಒಂದೊಂದಕ್ಕೂ ಅರ್ಧ ಲೀಟರ್ ನೀರು.

ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯನ್ನೇ ಬಳಸಿ, ಲೋಹದ ಪಾತ್ರೆ ಬೇಡ. ಹೊಳೆಯುವ ಕುಡುಗೋಲನ್ನು ದ್ರಾವಣದಲ್ಲಿ ಅದ್ದಿದಾಗ ತಾಮ್ರದ ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ. ತಯಾರಿಸಿದ ದಿನವೇ ಬಳಸಿ.

ಗೊಬ್ಬರಕ್ಕೆ ಅವಸರ ಬೇಡ

ಬೇರು ಹರಿದ ಗಿಡ ಗೊಬ್ಬರ ಹೀರಲಾರದು. ನೀರು ಬಸಿದು, ಹೊಸ ಎಲೆ ಕಾಣಿಸಿಕೊಂಡ ಮೇಲೆ ಶಿಫಾರಸಿನ ಗೊಬ್ಬರವನ್ನು ಸಣ್ಣ ಕಂತುಗಳಲ್ಲಿ ಕೊಡಿ. ಪೊಟ್ಯಾಷ್ ಬಿಡಬೇಡಿ. ನಿಂತ ಬಾಳೆ ಗೊನೆಗಳಿಗೆ ಲೀಟರ್ ನೀರಿಗೆ 5 ಗ್ರಾಂ ಪೊಟ್ಯಾಸಿಯಂ ಸಲ್ಫೇಟ್ ಬೆರೆಸಿ ಸಿಂಪಡಿಸಬಹುದು.

ಮುಂದಿನ ಗಾಳಿಗೆ ಸಿದ್ಧತೆ

ಗಾಳಿ ಹೆಚ್ಚಾಗಿ ನುಗ್ಗುವ ದಿಕ್ಕಿಗೆ ಸಿಲ್ವರ್ ಓಕ್, ಸರ್ವೆ ಮರಗಳನ್ನು ಎರಡು ಸಾಲಾಗಿ ನೆಡಿ. ಗಾಳಿತಡೆ ಗೋಡೆಯಂತೆ ಇರಬಾರದು. ಸ್ವಲ್ಪ ಗಾಳಿ ಸೋಸಿ ಬರುವಂತಿದ್ದರೆ ತೋಟದೊಳಗೆ ಸುಳಿಗಾಳಿ ಏಳುವುದಿಲ್ಲ. ಇಂಥ ಸಾಲು ತನ್ನ ಎತ್ತರದ ಹತ್ತು ಪಟ್ಟು ದೂರದವರೆಗಾದರೂ ಗಾಳಿಯ ವೇಗ ತಗ್ಗಿಸುತ್ತದೆ. ಬಾಳೆಗೆ ಗೊನೆ ಬಿಡುವ ಮೊದಲೇ ಮಣ್ಣು ಏರಿಸಿ, ಕವೆಗಳನ್ನು ಮಾರ್ಚ್ ಒಳಗೆ ಕೂಡಿಟ್ಟುಕೊಳ್ಳಿ. ತೋಟವಿಡೀ ಒಂದೇ ವಯಸ್ಸಿನ ಬಾಳೆ ಇರದಂತೆ ಎರಡು ಕಂತುಗಳಲ್ಲಿ ನಾಟಿ ಮಾಡಿದರೆ ಒಂದೇ ಗಾಳಿಗೆ ಎಲ್ಲ ಗೊನೆಗಳೂ ಸಿಕ್ಕುವುದು ತಪ್ಪುತ್ತದೆ.

ರೈತ ಬಾಂಧವರೇ, ಬಿದ್ದ ಮರದ ಮುಂದೆ ನಿಂತಾಗ ಕಣ್ಣಿಗೆ ಕಾಣುವುದು ಬಿದ್ದದ್ದು ಮಾತ್ರ. ವರ್ಷವಿಡೀ ಮನೆ ನಡೆಸಬೇಕಾದದ್ದು ನಿಂತ ಮರಗಳು. ಆದ್ದರಿಂದ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ, ಸಾಲು ಸಾಲಾಗಿ ನಡೆದು ಎಣಿಸಿ, ಬರೆದುಕೊಳ್ಳಿ. ಮಚ್ಚು ಕೈಗೆತ್ತಿಕೊಳ್ಳುವುದು ಅದಾದ ಮೇಲೆ.