ರಾಗಿಯ ಹೊಲ, ಕಾಡಿನ ಅಂಚು

ಬೇಸಗೆಯ ರಜೆಗೆ ಸಂಸಾರಸಮೇತ ಊಟಿಗೆ ಹೊರಟವರಿಗೆ ಗುಂಡ್ಲುಪೇಟೆಯೆಂದರೆ ಕಾಫಿಗೆ ಇಳಿಯುವ ಊರು. ಮುಂಗಾರಿನ ದಿನಗಳಲ್ಲಿ ಹೋದರಂತೂ ರಸ್ತೆಯ ಇಕ್ಕೆಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಹಾಸಿಕೊಂಡಿರುತ್ತವೆ. ಮೋಟಾರು ನಿಲ್ಲಿಸಿ ಒಂದು ಫೋಟೋ ತೆಗೆಸಿಕೊಳ್ಳದೆ ಮುಂದೆ ಹೋಗುವವರು ಕಡಮೆ. ನೀವೂ ತೆಗೆಸಿಕೊಂಡಿರಬಹುದು. ಆದರೆ ಅದೇ ಹೊಲಗಳ ಹಿಂಬದಿಯಲ್ಲಿ, ಒಂಟಿ ಮರವೊಂದರ ಕವಲಿನಲ್ಲಿ ನಾಲ್ಕು ಗಳ ಕಟ್ಟಿ, ಮೇಲೆ ತೆಂಗಿನ ಗರಿ ಹೊದಿಸಿದ ಅಟ್ಟಣೆಯೊಂದಿತ್ತಲ್ಲ, ಅದನ್ನು ಗಮನಿಸಿದಿರಾ?

ನೀವು ರಾತ್ರಿಯ ವಾರ್ತೆ ಕೇಳಿ ರೇಡಿಯೋ ಆರಿಸುವ ಹೊತ್ತಿಗೆ ಆ ಅಟ್ಟಣೆಯ ಮೇಲೆ ಒಬ್ಬ ರೈತ ಕಂಬಳಿ ಹೊದ್ದು ಕುಳಿತಿರುತ್ತಾನೆ. ಕೈಯಲ್ಲಿ ಟಾರ್ಚು, ಪಕ್ಕದಲ್ಲಿ ತಮಟೆ, ಒಂದಿಷ್ಟು ಪಟಾಕಿ. ರಾಗಿ ತೆನೆಗಟ್ಟುವ ಅಕ್ಟೋಬರಿನಿಂದ ಕೊಯ್ಲು ಮುಗಿಯುವವರೆಗೆ, ಎಂದರೆ ಎರಡು ಮೂರು ತಿಂಗಳು, ಅವನ ರಾತ್ರಿಗಳೆಲ್ಲ ಹೀಗೆಯೇ ಕಳೆಯುತ್ತವೆ. “ಕಣ್ಣು ಮುಚ್ಚಿದ್ರ ಫಸಲು ಹೋಯ್ತದ” ಎಂಬುದು ಆ ಸೀಮೆಯ ಮಾತು. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಅದು ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು.

ಚಾಮರಾಜನಗರ ಜಿಲ್ಲೆಯ ಭೂಪಟವನ್ನೊಮ್ಮೆ ಬಿಡಿಸಿ ನೋಡಿ. ಪಶ್ಚಿಮಕ್ಕೆ ಬಂಡೀಪುರ, ನಡುವೆ ಬಿಳಿಗಿರಿರಂಗನ ಬೆಟ್ಟ, ಪೂರ್ವಕ್ಕೆ ಮಲೆಮಹದೇಶ್ವರ ಬೆಟ್ಟದ ಕಾಡುಗಳು. ಗಡಿಯಾಚೆ ತಮಿಳುನಾಡಿನ ಮುದುಮಲೆ, ಸತ್ಯಮಂಗಲ, ಕೇರಳದ ವಯನಾಡು. ಆನೆಗೆ ಇವೆಲ್ಲ ಒಂದೇ ಸೀಮೆ. ಈ ಕಾಡುಗಳ ಸಂದುಗೊಂದುಗಳಲ್ಲಿ ನಾಲಗೆ ಚಾಚಿದಂತೆ ನಮ್ಮ ಹೊಲಗಳೂ ಹಳ್ಳಿಗಳೂ ಒಳನುಗ್ಗಿವೆ. ಮೈಸೂರು ಮಹಾರಾಜರು 1931ರಲ್ಲಿ ಬಂಡೀಪುರದಲ್ಲಿ ವೇಣುಗೋಪಾಲ ವನ್ಯಧಾಮವನ್ನು ಸ್ಥಾಪಿಸಿದಾಗ ಅದರ ವಿಸ್ತೀರ್ಣ 90 ಚದರ ಕಿಲೋಮೀಟರು ಮಾತ್ರ. 1941ರಲ್ಲಿ ಅದು 800ಕ್ಕೆ ಬೆಳೆಯಿತು, 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಆ ರಕ್ಷಣೆಯ ಫಲ ಈಗ ಕಣ್ಣಿಗೆ ಕಾಣುತ್ತಿದೆ. 2022ರ ಹುಲಿ ಗಣತಿಯಲ್ಲಿ ಬಂಡೀಪುರದ ಲೆಕ್ಕ 150. ದೇಶದಲ್ಲಿ ಇದಕ್ಕಿಂತ ಹೆಚ್ಚು ಹುಲಿ ಕಂಡುಬಂದುದು ಕಾರ್ಬೆಟ್‌ನಲ್ಲಿ ಮಾತ್ರ. 2023ರ ಆನೆ ಗಣತಿಯಲ್ಲಿ ರಾಜ್ಯದ 6,395 ಆನೆಗಳ ಪೈಕಿ 1,116 ಬಂಡೀಪುರದವು. ಪತ್ರಿಕೆಯಲ್ಲಿ ಈ ಅಂಕಿಗಳನ್ನು ಓದಿ ನಾವು ಪಟ್ಟಣಿಗರು ಸಂತೋಷಪಟ್ಟೆವು. ಸಂತೋಷಪಡತಕ್ಕದ್ದೇ ಸರಿ. ಆದರೆ ಅಟ್ಟಣೆಯ ಮೇಲೆ ಕುಳಿತವನಿಗೆ ಅದೇ ಅಂಕಿ ಬೇರೊಂದು ಬಗೆಯಲ್ಲಿ ಕೇಳಿಸುತ್ತದೆ.

ಆನೆ ಕಾಡು ಬಿಟ್ಟು ಹೊಲಕ್ಕೆ ಏಕೆ ಬರುತ್ತದೆ? ಕಾಡಿನಲ್ಲಿ ಮೇವಿಲ್ಲ, ನೀರಿಲ್ಲ, ಹಸಿವು ತಾಳದೆ ಬರುತ್ತದೆ ಎನ್ನುವುದು ನಾವೆಲ್ಲ ಕೊಡುವ ಉತ್ತರ. ಅರ್ಧ ನಿಜ. ಲಂಟಾನ ಪೊದೆ ಹಬ್ಬಿ ಹುಲ್ಲು ಕಡಮೆಯಾಗಿರುವುದು, ಬೇಸಗೆಯಲ್ಲಿ ಕೆರೆಕಟ್ಟೆಗಳು ಒಣಗುವುದು ಉಂಟು. ಆದರೆ ರಾಗಿಗೆ ಆನೆ ಬರುವುದು ಬೇಸಗೆಯಲ್ಲಲ್ಲ. ಮಳೆ ಮುಗಿದು ಕಾಡೆಲ್ಲ ಹಸುರಾಗಿರುವಾಗಲೇ ಬರುತ್ತದೆ! ಈ ಒಗಟನ್ನು ಬಿಡಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್. 1980ರ ದಶಕದ ಮೊದಲಲ್ಲಿ ಅವರು ಇದೇ ಚಾಮರಾಜನಗರ, ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಹಿಂದೆ ಅಲೆದು, ಅವು ತಿನ್ನುವ ಹುಲ್ಲನ್ನೂ ರಾಗಿಯನ್ನೂ ತೂಗಿ ನೋಡಿದರು. ಆ ಕಾಲಕ್ಕೆ ಕಾಡಿನ ಹುಲ್ಲು ಎತ್ತರವಾಗಿ ಬೆಳೆದು ಒರಟಾಗಿರುತ್ತದೆ. ಹೊಲದ ರಾಗಿಯಲ್ಲೋ ಪ್ರೋಟೀನು, ಸುಣ್ಣದ ಅಂಶ, ಉಪ್ಪಿನ ಅಂಶ ಎಲ್ಲವೂ ಹುಲ್ಲಿಗಿಂತ ಮಿಗಿಲು. ಮನೆಯಲ್ಲಿ ಅನ್ನವಿದ್ದರೂ ಮದುವೆಮನೆಯ ಊಟಕ್ಕೆ ಹೋಗುವವರ ಹಾಗೆ ಆನೆಯೂ ಬರುತ್ತದೆ ಎನ್ನಿ.

ಅವರು ಕಂಡುಕೊಂಡ ಇನ್ನೊಂದು ಸಂಗತಿ ಹೆಚ್ಚಿನದು. ಹೊಲಕ್ಕೆ ಪದೇ ಪದೇ ನುಗ್ಗುವುದು ಮರಿಗಳಿರುವ ಹಿಂಡಲ್ಲ, ಬೆಳೆದ ಗಂಡಾನೆ. ಹಿಂಡಿನ ಹೆಣ್ಣಾನೆ ಮರಿಯ ಭಯದಿಂದ ಹಿಂದೆಗೆಯುತ್ತದೆ. ಸಲಗಕ್ಕೆ ಆ ಚಿಂತೆಯಿಲ್ಲ. ಮೈ ತುಂಬಿಕೊಂಡು ಬಲವಾಗಿ ಬೆಳೆದರಲ್ಲವೆ ಮದ ಬಂದಾಗ ಇತರ ಸಲಗಗಳ ಮುಂದೆ ನಿಲ್ಲಲಾಗುವುದು? ಅದಕ್ಕಾಗಿ ಅದು ಅಪಾಯವನ್ನು ಮೈಮೇಲೆ ಹಾಕಿಕೊಳ್ಳುತ್ತದೆ. ಜನರ ಪ್ರಾಣಕ್ಕೆ ಎರವಾಗುವುದೂ ಹೆಚ್ಚಾಗಿ ಈ ಒಂಟಿ ಸಲಗವೇ.

ಪ್ರಾಣಹಾನಿ ಹೇಗಾಗುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಅಟ್ಟಣೆಯ ಮೇಲಿದ್ದವನಿಗೆ ಅಪಾಯ ಕಡಮೆ. ಅಟ್ಟಣೆಗೆ ಹೋಗುವ, ಬರುವ ದಾರಿಯೇ ಗಂಡಾಂತರದ್ದು. ಅಷ್ಟು ದೊಡ್ಡ ಪ್ರಾಣಿ, ಹೆಜ್ಜೆಯ ಸದ್ದು ಕೇಳಿಸದೆ ಇರುತ್ತದೆಯೆ ಎಂದು ನೀವು ಕೇಳಬಹುದು. ಕೇಳಿಸುವುದಿಲ್ಲ. ಆನೆಯ ಅಂಗಾಲಿನೊಳಗೆ ಕೊಬ್ಬಿನ ಮೆತ್ತೆಯಿದೆ. ಒಣ ಎಲೆಯ ಮೇಲೂ ಅದು ಬೆಕ್ಕಿನಂತೆ ನಡೆಯಬಲ್ಲುದು. ಅದರ ದೃಷ್ಟಿ ಮಂದ, ಮೂಗು ಬಲು ಚುರುಕು. ಗಾಳಿ ನಿಮ್ಮಿಂದ ಅದರ ಕಡೆಗೆ ಬೀಸುತ್ತಿದ್ದರೆ ನಿಮ್ಮ ವಾಸನೆ ಹಿಡಿದು ಅದೇ ದೂರ ಸರಿದೀತು. ಗಾಳಿ ತಿರುಗಿದ್ದರೆ ಹತ್ತು ಹೆಜ್ಜೆ ಹತ್ತಿರ ಬರುವವರೆಗೂ ನಿಮಗೆ ಅದು, ಅದಕ್ಕೆ ನೀವು ತಿಳಿಯುವುದಿಲ್ಲ. ಆಗ ಇಬ್ಬರೂ ಬೆಚ್ಚುತ್ತಾರೆ. ಬೆಚ್ಚಿದ ಆನೆಯ ಮುಂದೆ ಓಡಿ ಗೆದ್ದವರಿಲ್ಲ. ಮುಂಜಾನೆಯ ಮಬ್ಬಿನಲ್ಲಿ ಹಾಲು ಹಾಕಲು ಹೊರಟವರು, ಬಯಲಿಗೆ ಹೋದವರು, ಕಾವಲು ಮುಗಿಸಿ ಮನೆಗೆ ಮರಳುತ್ತಿದ್ದವರು ಆನೆಗೆ ಸಿಕ್ಕ ಸುದ್ದಿಗಳು ಆ ಕಡೆಯಿಂದ ಮತ್ತೆ ಮತ್ತೆ ಬರುವುದು ಇದರಿಂದಲೇ.

ತಡೆಯುವ ಉಪಾಯಗಳಿಲ್ಲದೆ ಇಲ್ಲ. ಕಾಡಂಚಿನಲ್ಲಿ ಆನೆ ಕಂದಕ ತೋಡಿದ್ದಾರೆ. ಎರಡು ಮಳೆಗೆ ಅದರ ದಂಡೆ ಕುಸಿಯುತ್ತದೆ, ಕುಸಿದ ಕಡೆ ಆನೆ ಇನ್ನಷ್ಟು ಮಣ್ಣು ತಳ್ಳಿ ದಾರಿ ಮಾಡಿಕೊಳ್ಳುತ್ತದೆ. ಸೌರ ವಿದ್ಯುತ್ತಿನ ಬೇಲಿ ಜುಮ್ಮೆನ್ನಿಸುತ್ತದೆ, ಕೊಲ್ಲುವುದಿಲ್ಲ. ಆದರೆ ದಂತದಲ್ಲಿ ವಿದ್ಯುತ್ತು ಹರಿಯದೆಂಬುದನ್ನು ಸಲಗಗಳು ಕಲಿತುಬಿಟ್ಟಿವೆ. ದಂತದಿಂದಲೇ ತಂತಿ ಎತ್ತುತ್ತವೆ, ಇಲ್ಲವೆ ಒಂದು ಮರವನ್ನು ಅದರ ಮೇಲೆ ಕೆಡವುತ್ತವೆ. ಹಳೆಯ ರೈಲುಕಂಬಿಗಳ ತಡೆಗೋಡೆ ಇವೆರಡಕ್ಕಿಂತ ಗಟ್ಟಿ. ಅದಕ್ಕೆ ಕಿಲೋಮೀಟರಿಗೆ ಕೋಟಿ ರೂಪಾಯಿಗೂ ಮೀರಿ ಖರ್ಚು. ಹೊಲದ ಬೇಲಿಗೆ ನೇರವಾಗಿ ಮನೆಯ ಕರೆಂಟು ಹರಿಸುವವರೂ ಇದ್ದಾರೆ. ಇದು ಅಪರಾಧವಷ್ಟೇ ಅಲ್ಲ. ಆನೆಯೂ ಸಾಯುತ್ತದೆ, ಕೆಲವೊಮ್ಮೆ ಮನೆಯವರೇ ಮುಟ್ಟಿ ಸಾಯುತ್ತಾರೆ.

ಇನ್ನು ಹುಲಿಯ ಮಾತು. ಹುಲಿ ಸ್ವಭಾವತಃ ಮನುಷ್ಯನಿಗೆ ಅಂಜುವ ಪ್ರಾಣಿ. ನಿಂತ ಮನುಷ್ಯನನ್ನು ಅದು ತನ್ನ ಆಹಾರವೆಂದು ಎಣಿಸುವುದಿಲ್ಲ. ಬಾಗಿ ಹುಲ್ಲು ಕೊಯ್ಯುವವನು, ಕುಕ್ಕರಗಾಲಿನಲ್ಲಿ ಕುಳಿತವನು ಪೊದೆಯ ಮರೆಯಿಂದ ನೋಡಿದಾಗ ಬೇರೆ ಪ್ರಾಣಿಯಂತೆ ತೋರುವುದುಂಟು. ಮರಿಗಳಿರುವ ಹೆಣ್ಣುಹುಲಿಯ ಹತ್ತಿರ, ಇಲ್ಲವೆ ಅದು ಕೊಂದಿಟ್ಟ ದನದ ಹತ್ತಿರ ಅರಿಯದೆ ಹೋದರೂ ಅಪಾಯವೇ. ಪ್ರತಿಯೊಂದು ಹುಲಿಗೂ ತನ್ನದೇ ಒಂದು ಎಲ್ಲೆ ಬೇಕು. ಒಳಗಾಡು ಬಲಿಷ್ಠ ಹುಲಿಗಳಿಂದ ತುಂಬಿರುವಾಗ ವಯಸ್ಸಾದದ್ದು, ಗಾಯಗೊಂಡದ್ದು, ಈಗಷ್ಟೇ ತಾಯಿಯನ್ನು ಬಿಟ್ಟ ಎಳೆಯದು ಅಂಚಿಗೆ ಬೀಳುತ್ತವೆ. ಅಂಚಿನಲ್ಲಿ ಸುಲಭವಾಗಿ ಸಿಕ್ಕುವುದು ಮೇಯಲು ಬಿಟ್ಟ ದನ. ದನದ ಹಿಂದೆ ದನಗಾಹಿ.

2019ರ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯ ಸುತ್ತ ಹುಲಿಯೊಂದು ಇಬ್ಬರು ರೈತರನ್ನು ಕೊಂದಿತು. ಜನ ರೊಚ್ಚಿಗೆದ್ದರು. ಕೊಂದುಬಿಡಿ ಎಂದು ಕೇಳಿದರು. ಆದರೆ 1972ರ ವನ್ಯಜೀವಿ ಕಾಯಿದೆ, ಹಿಡಿಯಲು ಸಾಧ್ಯವೇ ಇಲ್ಲವೆಂದು ಕಂಡಾಗ ಮಾತ್ರ ಹುಲಿಯನ್ನು ಕೊಲ್ಲಲು ಅನುಮತಿ ಕೊಡುತ್ತದೆ. ಸಾಕಾನೆಗಳು ಬಂದವು. ಹೆಜ್ಜೆ ಓದಬಲ್ಲ ಕಾಡುಜನ ಬಂದರು. ರಾಣಾ ಎಂಬ ಬಂಡೀಪುರದ ಪತ್ತೇದಾರಿ ನಾಯಿಯೂ ಬಂತು. ಹಲವು ದಿನಗಳ ಹುಡುಕಾಟದ ಮೇಲೆ ಅಕ್ಟೋಬರ್ 13ರಂದು ಹುಲಿಗೆ ಅರಿವಳಿಕೆಯ ಸೂಜಿ ತಗುಲಿತು, ಜೀವಸಹಿತ ಅದನ್ನು ಮೈಸೂರಿಗೆ ಸಾಗಿಸಿದರು. ಓದುವಾಗ ನಾಲ್ಕು ಸಾಲಿನ ಮಾತು. ಆ ದಿನಗಳಲ್ಲಿ ಸುತ್ತಣ ಹಳ್ಳಿಗಳಲ್ಲಿ ಹೊಲಕ್ಕೆ ಕಾಲಿಡುವ ಧೈರ್ಯ ಯಾರಿಗಿದ್ದೀತು?

ಹಿಡಿಯುವುದು ತಡವಾದಾಗ, ಸತ್ತ ಹಸುವಿಗೆ ಪರಿಹಾರ ತಡವಾದಾಗ ಜನರ ತಾಳ್ಮೆ ಕೆಡುತ್ತದೆ. 2025ರ ಜೂನ್ ತಿಂಗಳಲ್ಲಿ ಮಲೆಮಹದೇಶ್ವರ ಬೆಟ್ಟದ ಹೂಗ್ಯಂ ಅರಣ್ಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಒಟ್ಟಿಗೆ ಸತ್ತುಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಮೈಗೆ ಯಾರೋ ವಿಷ ಬೆರೆಸಿದ್ದರು. ಅದೇ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದ ಜನ, ಹುಲಿಗೆಂದು ಇಟ್ಟಿದ್ದ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ವಿಷವಿಟ್ಟದ್ದು ಘೋರ, ಅದನ್ನು ಯಾರೂ ಸಮರ್ಥಿಸಲಾರರು. ಬೋನಿನ ಪ್ರಸಂಗ ಕೇಳಿ ನಾವು ನಕ್ಕೆವೇನೋ. ಬೋನಿನೊಳಗಿದ್ದವರೂ ಕಡಮೆ ಸಂಬಳಕ್ಕೆ ರಾತ್ರಿ ಕಾಡು ಕಾಯುವ ಬಡವರೇ ಎಂಬುದು ಆಮೇಲೆ ಹೊಳೆಯುತ್ತದೆ. ಹಸುವೊಂದು ಸತ್ತ ಮನೆಯಲ್ಲಿ ಮಾರನೆಯ ದಿನದಿಂದಲೇ ಹಾಲಿನ ಹಣ ನಿಲ್ಲುತ್ತದೆ. ಪರಿಹಾರದ ಕಾಗದ ಕಚೇರಿಯಿಂದ ಕಚೇರಿಗೆ ನಡೆಯುವ ವೇಗ ನಿಮಗೆ ಗೊತ್ತೇ ಇದೆ.

ಇವೆಲ್ಲ ಹೊಸತೆಂದು ತಿಳಿಯಬೇಡಿ. ನೂರೈವತ್ತು ವರ್ಷಗಳ ಹಿಂದೆ ಮೈಸೂರು ಸಂಸ್ಥಾನದಲ್ಲಿ ನಾಲೆಗಳ ಅಧಿಕಾರಿಯಾಗಿದ್ದ ಸ್ಯಾಂಡರ್ಸನ್ ಎಂಬ ಆಂಗ್ಲನು 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಒಂದು ಹಿಂಡನ್ನೇ ಹಿಡಿದನು. ಅಂದು ಆನೆ ಹೆಚ್ಚಾಯಿತೆಂದರೆ ಹಿಡಿದು ಪಳಗಿಸುವುದು ದಾರಿಯಾಗಿತ್ತು. ಇಂದು ಆ ದಾರಿ ಮುಚ್ಚಿದೆ. ಅಪಾಯಕಾರಿಯಾದ ಒಂದೆರಡನ್ನು ಮಾತ್ರ ಅಪ್ಪಣೆ ಪಡೆದು ಹಿಡಿಯುತ್ತಾರೆ.

ಇದರಲ್ಲಿ ನಮ್ಮ ಪಾತ್ರವೇನು? ನಾವು ದಾರಿಹೋಕರು, ಆದರೆ ದಾರಿಹೋಕರ ಪಾತ್ರವೂ ಸಣ್ಣದಲ್ಲ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆಯಲ್ಲಿ, ಹಾಸನೂರಿನ ಸುತ್ತ, ಲಾರಿಯವರು ಎಸೆದ ಕಬ್ಬಿನ ರುಚಿ ಹತ್ತಿ ಆನೆಗಳು ಲಾರಿಗಳನ್ನೇ ಅಡ್ಡಗಟ್ಟುವುದನ್ನು ಕಲಿತಿವೆ. ನೀವು ಕಾರಿನ ಕಿಟಕಿಯಿಂದ ಎಸೆಯುವ ಬಾಳೆಹಣ್ಣೂ ಅದೇ ಪಾಠ ಕಲಿಸುತ್ತದೆ. ಪಾಠ ಕಲಿತ ಆನೆಯ ಎದುರಿಗೆ ನಾಳೆ ಸಿಕ್ಕುವುದು ಮೋಟಾರುಸೈಕಲ್ಲಿನ ಹಳ್ಳಿಗ. 2025ರ ಆಗಸ್ಟಿನಲ್ಲಿ ಬಂಡೀಪುರದ ರಸ್ತೆಯಲ್ಲಿ ಇಳಿದು ಆನೆಯೊಡನೆ ಸೆಲ್ಫಿ ತೆಗೆದುಕೊಳ್ಳಲು ಹೋದ ಒಬ್ಬಾತನನ್ನು ಅದು ಅಟ್ಟಿಸಿಕೊಂಡು ಬಂದು ಕೆಡವಿ ತುಳಿಯಿತು. ಪುಣ್ಯವಶಾತ್ ಪ್ರಾಣ ಉಳಿಯಿತು, 25 ಸಾವಿರ ರೂಪಾಯಿ ದಂಡವೂ ಬಿತ್ತು. ಆನೆ ರಸ್ತೆಯಲ್ಲಿದ್ದರೆ ದೂರದಲ್ಲೇ ನಿಲ್ಲಿಸಿ. ಹಾರನ್ನು ಬೇಡ, ದೀಪ ಮಿನುಗಿಸುವುದು ಬೇಡ, ಕೆಳಗಿಳಿಯುವುದಂತೂ ಬೇಡವೇ ಬೇಡ. ಕಿವಿ ಅಗಲಿಸಿ, ಸೊಂಡಿಲು ಸುರುಳಿ ಮಾಡಿ ನಿಂತಿತೆಂದರೆ ನಿಧಾನವಾಗಿ ಹಿಂದಕ್ಕೆ ಸರಿಯಿರಿ. ಅದಕ್ಕೆ ದಾಟುವ ಕೆಲಸವಿರುತ್ತದೆ. ದಾಟಿ ಹೋಗುತ್ತದೆ.

ಗುಂಡ್ಲುಪೇಟೆಯಿಂದ ಕಾಡು ಹಾದು ಹೋಗುವ ರಸ್ತೆಗಳು ಎರಡು: ಬಂಡೀಪುರದ ಮೇಲೆ ಊಟಿಗೆ ಒಂದು, ಮೂಲೆಹೊಳೆಯ ಮೇಲೆ ಸುಲ್ತಾನ್ ಬತ್ತೇರಿಗೆ ಇನ್ನೊಂದು. 2009ರಿಂದ ಎರಡರಲ್ಲಿಯೂ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರಕ್ಕೆ ತಡೆಯಿದೆ. ಹೈಕೋರ್ಟು 2010ರಲ್ಲಿ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸಿಗೂ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿ. ಆದುದರಿಂದ ಮೈಸೂರಿನಿಂದ ತಡವಾಗಿ ಹೊರಟು ಗೇಟು ಹಾಕಿದ ಮೇಲೆ ತಲಪಿದಿರೋ, ಸಿಬ್ಬಂದಿಯೊಡನೆ ವಾದ ಹೂಡಬೇಡಿ. ಗುಂಡ್ಲುಪೇಟೆಗೆ ಹಿಂದಿರುಗಿ ಒಂದು ರಾತ್ರಿ ಅಲ್ಲಿಯೇ ತಂಗಿರಿ. ಗಾಳಿ ಆ ಕಡೆಯಿಂದ ಬೀಸಿದರೆ, ಹೊಲಗಳ ಕಡೆಯಿಂದ ತಮಟೆಯ ಸದ್ದು ಕೇಳಿಸೀತು.