ರಾಜ್ಯಾಂತರ ವಾಸ ಮತ್ತು ಚಾಲನಾ ಪರವಾನಗಿ

ರಾಜ್ಯಾಂತರ ವಾಸ ಮತ್ತು ಚಾಲನಾ ಪರವಾನಗಿ ಎಂಬುದು ಭಾರತದ ಒಂದು ರಾಜ್ಯದಲ್ಲಿ ಪಡೆದ ವಾಹನ ಚಾಲನಾ ಪರವಾನಗಿಯು (ಡ್ರೈವಿಂಗ್ ಲೈಸೆನ್ಸ್) ಪರವಾನಗಿದಾರನು ಮತ್ತೊಂದು ರಾಜ್ಯದಲ್ಲಿ ನೆಲೆಸಿದ ಮೇಲೆ ಹೊಂದುವ ಕಾನೂನಿನ ಸ್ಥಿತಿಯನ್ನೂ, ಅದರಲ್ಲಿನ ವಿಳಾಸವನ್ನು ಬದಲಾಯಿಸುವ ಕ್ರಮವನ್ನೂ ಕುರಿತ ವಿಷಯವಾಗಿದೆ. ಮೋಟಾರು ವಾಹನಗಳ ಕಾಯ್ದೆ, 1988ರ 13ನೇ ಕಲಂ ಪ್ರಕಾರ ಕಲಿಕಾ ಪರವಾನಗಿ ಹಾಗೂ ಚಾಲನಾ ಪರವಾನಗಿ ಎರಡೂ ಭಾರತದಾದ್ಯಂತ ಪರಿಣಾಮಕಾರಿಯಾಗಿರುತ್ತವೆ. ಆದ್ದರಿಂದ ಕರ್ನಾಟಕದಿಂದ ಮಹಾರಾಷ್ಟ್ರಕ್ಕೋ ಗೋವಾಕ್ಕೋ ವಾಸ ಬದಲಿಸಿದವರು ಹೊಸ ಪರವಾನಗಿ ಪಡೆಯಬೇಕಾಗಿಲ್ಲ. ಮತ್ತೆ ಚಾಲನಾ ಪರೀಕ್ಷೆಗೆ ಹಾಜರಾಗಬೇಕಾಗಿಯೂ ಇಲ್ಲ. ಬದಲಾಗಬೇಕಾದದ್ದು ದಾಖಲೆಯಲ್ಲಿರುವ ವಿಳಾಸ ಮಾತ್ರ.

ಗಡಿ ಜಿಲ್ಲೆಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಂತಹ ಗ್ರಾಮಗಳಿಂದ ಕೊಲ್ಹಾಪುರ, ಇಚಲಕರಂಜಿ, ಪುಣೆ ಮತ್ತು ಗೋವಾಗಳಿಗೆ ಉದ್ಯೋಗಕ್ಕಾಗಿ ಹೋಗುವುದು, ಗಡಿಯ ಎರಡೂ ಬದಿಯ ಕುಟುಂಬಗಳ ನಡುವೆ ವಿವಾಹ ಸಂಬಂಧ ಬೆಳೆಯುವುದು ಸಾಮಾನ್ಯ. ಸಂಕೇಶ್ವರ ಮತ್ತು ನಿಪ್ಪಾಣಿಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 48 ಕಾಗಲ್ ಬಳಿ ಮಹಾರಾಷ್ಟ್ರವನ್ನು ಪ್ರವೇಶಿಸುತ್ತದೆ. ಇಲ್ಲಿ ರಾಜ್ಯ ಬದಲಾಗುವುದು ಕೆಲವೇ ಗಂಟೆಗಳ ಪ್ರಯಾಣದ ಮಾತು.

ಕಾನೂನಿನ ಹಿನ್ನೆಲೆ

1988ರ ಕಾಯ್ದೆಯು 1939ರ ಮೋಟಾರು ವಾಹನಗಳ ಕಾಯ್ದೆಯ ಸ್ಥಾನದಲ್ಲಿ 1989ರ ಜುಲೈ 1ರಿಂದ ಜಾರಿಗೆ ಬಂದಿತು. ಪರವಾನಗಿಯ ನಮೂನೆ, ಪರೀಕ್ಷೆ ಮತ್ತು ಶುಲ್ಕಗಳನ್ನು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989 ನಿರ್ಧರಿಸುತ್ತವೆ. ಪರವಾನಗಿಯನ್ನು ನೀಡುವುದು ರಾಜ್ಯ ಸರ್ಕಾರದ ಪ್ರಾದೇಶಿಕ ಸಾರಿಗೆ ಕಚೇರಿಯಾದರೂ ಅದು ನೀಡುವುದು ಕೇಂದ್ರ ಕಾಯ್ದೆಯ ಅಡಿಯಲ್ಲಿ. ಅದರ ಮಾನ್ಯತೆ ರಾಜ್ಯದ ಗಡಿಗೆ ಸೀಮಿತವಾಗದಿರುವುದಕ್ಕೆ ಇದೇ ಆಧಾರ.

ಪರವಾನಗಿ ಸಂಖ್ಯೆಯ ಮೊದಲ ಎರಡು ಅಕ್ಷರಗಳು ರಾಜ್ಯವನ್ನೂ, ನಂತರದ ಎರಡು ಅಂಕಿಗಳು ಕಚೇರಿಯನ್ನೂ, ಅದರ ಮುಂದಿನ ನಾಲ್ಕು ಅಂಕಿಗಳು ವರ್ಷವನ್ನೂ ಸೂಚಿಸುತ್ತವೆ. ಬೆಳಗಾವಿಗೆ ಕೆಎ 22, ಚಿಕ್ಕೋಡಿಗೆ ಕೆಎ 23, ಬೈಲಹೊಂಗಲಕ್ಕೆ ಕೆಎ 24, ಗೋಕಾಕಕ್ಕೆ ಕೆಎ 49 ಎಂಬ ಸಂಕೇತಗಳಿವೆ. ಕೊಲ್ಹಾಪುರದ್ದು ಎಂಎಚ್ 09, ಸಾಂಗ್ಲಿಯದು ಎಂಎಚ್ 10. ಈ ಸಂಕೇತವು ಪರವಾನಗಿ ಮೊದಲು ಎಲ್ಲಿ ದೊರೆಯಿತು ಎಂಬುದನ್ನು ತಿಳಿಸುತ್ತದೆಯೇ ಹೊರತು ಪರವಾನಗಿದಾರನು ಈಗ ಎಲ್ಲಿ ವಾಸಿಸುತ್ತಾನೆ ಎಂಬುದನ್ನಲ್ಲ. ಪುಣೆಯಲ್ಲಿ ಹತ್ತು ವರ್ಷ ನೆಲೆಸಿದವರ ಬಳಿ ಕೆಎ 23 ಎಂದು ಆರಂಭವಾಗುವ ಪರವಾನಗಿ ಇರುವುದರಲ್ಲಿ ಯಾವ ದೋಷವೂ ಇಲ್ಲ. 2019ರ ಅಕ್ಟೋಬರ್ 1ರಿಂದ ದೇಶದಾದ್ಯಂತ ಒಂದೇ ವಿನ್ಯಾಸದ ಕಾರ್ಡ್ ನೀಡಬೇಕೆಂಬ ನಿಯಮ ಬಂದಮೇಲೆ ಕಾರ್ಡುಗಳ ನೋಟದಲ್ಲಿದ್ದ ರಾಜ್ಯವಾರು ವ್ಯತ್ಯಾಸವೂ ಕಡಿಮೆಯಾಗಿದೆ.

ವಾಹನದ ನೋಂದಣಿಯೊಂದಿಗೆ ಗೊಂದಲ

ಹೊಸ ರಾಜ್ಯಕ್ಕೆ ಬಂದವರು ಒಂದು ವರ್ಷದೊಳಗೆ ಪರವಾನಗಿಯನ್ನು ಬದಲಾಯಿಸಿಕೊಳ್ಳಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ವಾಹನಕ್ಕೆ ಅನ್ವಯಿಸುವ ನಿಯಮವನ್ನು ಚಾಲಕನಿಗೆ ಅನ್ವಯಿಸಿಕೊಂಡುದರಿಂದ ಹುಟ್ಟಿದ ತಪ್ಪು ತಿಳಿವಳಿಕೆ. ಕಾಯ್ದೆಯ 47ನೇ ಕಲಂ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಮತ್ತೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡಾಗ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಸಲ್ಲಿಸಬೇಕು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಹೊಸ ರಾಜ್ಯದ ತೆರಿಗೆಯ ಪ್ರಶ್ನೆಯೂ ಏಳುತ್ತದೆ. ವಾಹನದ ಮಾಲೀಕನ ವಾಸ ಬದಲಾದರೆ ಮೂವತ್ತು ದಿನಗಳಲ್ಲಿ ತಿಳಿಸಬೇಕೆಂದು 49ನೇ ಕಲಂ ಹೇಳುತ್ತದೆ. ಚಾಲನಾ ಪರವಾನಗಿಗೆ ಇಂತಹ ಹನ್ನೆರಡು ತಿಂಗಳ ಮಿತಿಯನ್ನು ಕಾಯ್ದೆ ವಿಧಿಸಿಲ್ಲ.

ಬೆಳಗಾವಿ ಭಾಗದ ಆಡುಮಾತಿನಲ್ಲಿ ಮಹಾರಾಷ್ಟ್ರದ ನೋಂದಣಿಯುಳ್ಳ ವಾಹನವನ್ನು ‘ಎಂಎಚ್ ಪಾಸಿಂಗ್’ ಗಾಡಿ ಎನ್ನುತ್ತಾರೆ. ಪಾಸಿಂಗ್ ಇರುವುದು ಗಾಡಿಗೆ, ಚಾಲಕನಿಗಲ್ಲ. ಎಂಎಚ್ ಪಾಸಿಂಗ್ ಗಾಡಿಯನ್ನು ಕರ್ನಾಟಕದ ಪರವಾನಗಿದಾರನು, ಕೆಎ ಗಾಡಿಯನ್ನು ಮಹಾರಾಷ್ಟ್ರದ ಪರವಾನಗಿದಾರನು ಎರಡೂ ರಾಜ್ಯಗಳಲ್ಲಿ ಓಡಿಸಬಹುದು. ಆದರೆ ಆ ವರ್ಗದ ವಾಹನವನ್ನು ಓಡಿಸುವ ಅನುಮತಿ ಪರವಾನಗಿಯಲ್ಲಿ ನಮೂದಾಗಿರಬೇಕು. ಪದೇಪದೇ ವರ್ಗಾವಣೆಯಾಗುವ ನೌಕರರಿಗಾಗಿ 2021ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಬಿಎಚ್ ಸರಣಿಯೂ ವಾಹನದ ನೋಂದಣಿಗೆ ಸಂಬಂಧಿಸಿದ್ದೇ ಆಗಿದೆ.

ಎರಡನೆಯ ಪರವಾನಗಿಯ ಅಪಾಯ

ಈ ಗೊಂದಲದ ಪರಿಣಾಮ ಕೆಲವೊಮ್ಮೆ ಗಂಭೀರವಾಗುತ್ತದೆ. ಹಳೆಯ ಪರವಾನಗಿಯ ವಿಷಯವನ್ನು ತಿಳಿಸದೆ, ಹೊಸ ಊರಿನಲ್ಲಿ ಕಲಿಕಾ ಪರವಾನಗಿಯಿಂದ ಆರಂಭಿಸಿ ಇನ್ನೊಂದು ಪರವಾನಗಿ ಪಡೆಯುವವರಿದ್ದಾರೆ. ದೂರದ ಮೂಲ ಕಚೇರಿಗೆ ಓಡಾಡುವುದಕ್ಕಿಂತ ಇದು ಸುಲಭವೆಂದು ಕೆಲವು ಮಧ್ಯವರ್ತಿಗಳು ಸಲಹೆ ನೀಡುವುದೂ ಉಂಟು. ಜಾರಿಯಲ್ಲಿರುವ ಚಾಲನಾ ಪರವಾನಗಿಯುಳ್ಳ ವ್ಯಕ್ತಿ ಮತ್ತೊಂದು ಚಾಲನಾ ಪರವಾನಗಿ ಹೊಂದುವುದನ್ನು 6ನೇ ಕಲಂ ನಿಷೇಧಿಸುತ್ತದೆ. ಹೊಸ ವರ್ಗದ ವಾಹನಕ್ಕಾಗಿ ಪಡೆಯುವ ಕಲಿಕಾ ಪರವಾನಗಿ ಮತ್ತು ಸರ್ಕಾರಿ ವಾಹನ ಚಾಲನೆಗೆ ನೀಡುವ ವಿಶೇಷ ಪರವಾನಗಿಗಳು ಇದಕ್ಕೆ ಅಪವಾದ. ವಂಚನೆಯಿಂದ ಅಥವಾ ತಪ್ಪು ಮಾಹಿತಿಯಿಂದ ಪಡೆದ ಪರವಾನಗಿಯನ್ನು 19ನೇ ಕಲಂ ಅಡಿಯಲ್ಲಿ ರದ್ದುಪಡಿಸಬಹುದು.

ಒಂದು ರಾಜ್ಯದಲ್ಲಿ ಪರವಾನಗಿ ಅಮಾನತಾಗಿರುವಾಗ ಅದನ್ನು ಮರೆಮಾಚಿ ಮತ್ತೊಂದು ರಾಜ್ಯದಲ್ಲಿ ಹೊಸದನ್ನು ಪಡೆಯುವುದು ಇನ್ನೂ ದೊಡ್ಡ ಅಪರಾಧ. 182ನೇ ಕಲಂ ಪ್ರಕಾರ ಅನರ್ಹಗೊಂಡ ವ್ಯಕ್ತಿ ಪರವಾನಗಿಗೆ ಅರ್ಜಿ ಹಾಕುವುದೂ ಶಿಕ್ಷಾರ್ಹವಾಗಿದ್ದು, ಮೂರು ತಿಂಗಳವರೆಗಿನ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೈಬರಹದ ವಹಿಗಳ ಕಾಲದಲ್ಲಿ ಇಂತಹ ಪ್ರಕರಣಗಳು ಬೆಳಕಿಗೆ ಬರುವುದು ಅಪರೂಪವಾಗಿತ್ತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ರೂಪಿಸಿದ ‘ಸಾರಥಿ’ ತಂತ್ರಾಂಶದಲ್ಲಿ ರಾಜ್ಯಗಳ ದಾಖಲೆಗಳು ಒಂದೆಡೆ ಸೇರಿದ ಮೇಲೆ ಹೆಸರು, ಜನ್ಮದಿನಾಂಕಗಳ ಮೂಲಕ ಹಳೆಯ ದಾಖಲೆಯನ್ನು ಪತ್ತೆಹಚ್ಚುವುದು ಸಾಧ್ಯವಾಗಿದೆ. 2019ರ ತಿದ್ದುಪಡಿಯು ರಾಷ್ಟ್ರೀಯ ಚಾಲನಾ ಪರವಾನಗಿ ವಹಿಯ ಬಗ್ಗೆ 25ಎ ಕಲಮನ್ನು ಸೇರಿಸಿದೆ.

ವಿಳಾಸ ಬದಲಾವಣೆ ಏಕೆ

ಹಳೆಯ ವಿಳಾಸವಿರುವ ಪರವಾನಗಿ ಅಸಿಂಧುವಲ್ಲ. ಅಪಘಾತವಾದಾಗ ಚಾಲಕನಿಗೆ ಪರಿಣಾಮಕಾರಿ ಪರವಾನಗಿ ಇತ್ತೇ ಎಂಬುದು ವಿಮಾ ಪರಿಹಾರದ ಪ್ರಕರಣಗಳಲ್ಲಿ ಮುಖ್ಯ ಪ್ರಶ್ನೆಯಾಗುತ್ತದೆ. ಆ ಪ್ರಶ್ನೆ ಅವಧಿ ಮತ್ತು ವಾಹನದ ವರ್ಗಕ್ಕೆ ಸಂಬಂಧಿಸಿದ್ದು, ಮನೆಯ ವಿಳಾಸಕ್ಕಲ್ಲ. ಹಾಗಿದ್ದೂ ವಿಳಾಸವನ್ನು ಸರಿಪಡಿಸಿಕೊಳ್ಳಲು ಕಾರಣಗಳಿವೆ. ಪರವಾನಗಿಯನ್ನು ಅಮಾನತುಗೊಳಿಸುವ ಮುನ್ನ ಪ್ರಾಧಿಕಾರವು ಪರವಾನಗಿದಾರನ ಅಹವಾಲು ಕೇಳಬೇಕು. ಆ ನೋಟಿಸು ಬರುವುದು ದಾಖಲೆಯಲ್ಲಿರುವ ವಿಳಾಸಕ್ಕೆ. ಘೋಡಗೇರಿಯ ಮನೆಗೆ ಬೀಗ ಹಾಕಿ ಇಡೀ ಕುಟುಂಬ ಇಚಲಕರಂಜಿಗೆ ಹೋಗಿದ್ದರೆ ಅಂಚೆಯವನು ಅದನ್ನು ಹಿಂದಿರುಗಿಸುತ್ತಾನೆ. ನವೀಕರಣದ ನಂತರ ಕಾರ್ಡನ್ನು ಅಂಚೆಯ ಮೂಲಕ ಕಳುಹಿಸುವ ಕಡೆಗಳಲ್ಲಿಯೂ ಇದೇ ತೊಂದರೆ.

ನವೀಕರಣದ ವಿಷಯದಲ್ಲಿ ಎಚ್ಚರ ಹೆಚ್ಚು ಅಗತ್ಯ. 2019ಕ್ಕೆ ಮೊದಲು ಅವಧಿ ಮುಗಿದ ನಂತರವೂ ಪರವಾನಗಿಯು ಮೂವತ್ತು ದಿನ ಪರಿಣಾಮಕಾರಿಯಾಗಿರುತ್ತಿತ್ತು. ತಿದ್ದುಪಡಿಯು ಆ ಸೌಲಭ್ಯವನ್ನು ತೆಗೆದುಹಾಕಿತು. ಬದಲಾಗಿ ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ, ಮುಗಿದ ಒಂದು ವರ್ಷದವರೆಗೆ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ಅದನ್ನೂ ಮೀರಿದರೆ ಚಾಲನಾ ಸಾಮರ್ಥ್ಯದ ಪರೀಕ್ಷೆಯನ್ನು ಮತ್ತೆ ಎದುರಿಸಬೇಕು. ಅವಧಿ ಮುಗಿದ ಪರವಾನಗಿಯೊಂದಿಗೆ ವಾಹನ ಓಡಿಸುವುದು ಪರವಾನಗಿ ಇಲ್ಲದೆ ಓಡಿಸಿದಂತೆಯೇ. 181ನೇ ಕಲಂ ಇದಕ್ಕೆ 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ಹೇಳುತ್ತದೆ. ನವೀಕರಣಕ್ಕಾಗಿ ಪರವಾನಗಿ ನೀಡಿದ ಕಚೇರಿಗೇ ಹಿಂದಿರುಗಬೇಕೆಂಬ ನಿಯಮವಿಲ್ಲ. ಬೇರೆ ಪ್ರಾಧಿಕಾರವು ನವೀಕರಿಸಿದಾಗ ಆ ವಿಷಯವನ್ನು ಮೂಲ ಪ್ರಾಧಿಕಾರಕ್ಕೆ ಅದೇ ತಿಳಿಸಬೇಕೆಂದು 15ನೇ ಕಲಂ ವಿಧಿಸಿದೆ. ಹೀಗಾಗಿ ನವೀಕರಣ ಮತ್ತು ವಿಳಾಸ ಬದಲಾವಣೆಗಳನ್ನು ಹೊಸ ಊರಿನಲ್ಲಿಯೇ ಮಾಡಿಸಬಹುದು.

ಅರ್ಜಿಯ ಕ್ರಮ

ಅರ್ಜಿಯನ್ನು ಪರಿವಾಹನ ಜಾಲತಾಣದ ಸಾರಥಿ ವಿಭಾಗದಲ್ಲಿ ಸಲ್ಲಿಸಲಾಗುತ್ತದೆ. ಆರಂಭದಲ್ಲಿ ಆಯ್ಕೆ ಮಾಡಬೇಕಾದದ್ದು ಈಗ ವಾಸಿಸುತ್ತಿರುವ ರಾಜ್ಯವನ್ನು, ಪರವಾನಗಿ ನೀಡಿದ ರಾಜ್ಯವನ್ನಲ್ಲ. ಪರವಾನಗಿ ಸಂಖ್ಯೆ ಮತ್ತು ಜನ್ಮದಿನಾಂಕಗಳನ್ನು ನೀಡಿದಾಗ ಹಳೆಯ ದಾಖಲೆ ಕಾಣಿಸುತ್ತದೆ. ಬಳಿಕ ಹೊಸ ವಿಳಾಸದ ವ್ಯಾಪ್ತಿಯ ಕಚೇರಿಯನ್ನು ಆರಿಸಿ ವಿಳಾಸ ಬದಲಾವಣೆಯ ಸೇವೆಯನ್ನು ಗುರುತಿಸಬೇಕು. ದಾಖಲೆಯಲ್ಲಿ ಪ್ರಸ್ತುತ ವಿಳಾಸ, ಕಾಯಂ ವಿಳಾಸ ಎಂಬ ಎರಡು ಭಾಗಗಳಿವೆ. ಕೆಲವು ವರ್ಷಗಳ ಮಟ್ಟಿಗೆ ಮಾತ್ರ ಹೊರಗೆ ಇರುವ ವಿದ್ಯಾರ್ಥಿಗಳು ಊರಿನ ವಿಳಾಸವನ್ನು ಕಾಯಂ ಆಗಿ ಉಳಿಸಿಕೊಂಡು ಪ್ರಸ್ತುತ ವಿಳಾಸವನ್ನು ಮಾತ್ರ ಬದಲಾಯಿಸಬಹುದು.

ಇದಕ್ಕೆ ನಮೂನೆ 2 ಬಳಕೆಯಾಗುತ್ತದೆ. 2016ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಿದ ಕೇಂದ್ರ ನಿಯಮದ ಪಟ್ಟಿಯಲ್ಲಿ ವಿಳಾಸ ಬದಲಾವಣೆಯ ಶುಲ್ಕ 200 ರೂಪಾಯಿ. ಸ್ಮಾರ್ಟ್ ಕಾರ್ಡ್‌ಗೆ ಪ್ರತ್ಯೇಕ ಶುಲ್ಕವಿದೆ. 2021ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆಯೇ ಪಡೆಯಬಹುದಾದ 18 ಸೇವೆಗಳನ್ನು ಪ್ರಕಟಿಸಿದಾಗ ಪರವಾನಗಿಯ ವಿಳಾಸ ಬದಲಾವಣೆಯೂ ಅವುಗಳಲ್ಲಿ ಸೇರಿತ್ತು. ಈ ಮಾರ್ಗ ಹಿಡಿಯುವವರ ಆಧಾರ್‌ನಲ್ಲಿ ಹೊಸ ವಿಳಾಸ ಮೊದಲೇ ನಮೂದಾಗಿರಬೇಕು. ಮದುವೆಯಾಗಿ ಗಡಿಯಾಚೆಯಿಂದ ಬಂದ ಮಹಿಳೆಯರಿಗೆ ವಿಳಾಸದೊಂದಿಗೆ ಹೆಸರಿನ ಬದಲಾವಣೆಯೂ ಬೇಕಾಗಬಹುದು. ಅದು ಪ್ರತ್ಯೇಕ ಸೇವೆ.

ಪ್ರಾಯೋಗಿಕ ತೊಡಕುಗಳು

ಕಾಗದದ ಮೇಲೆ ಸರಳವಾಗಿ ಕಾಣುವ ಈ ಕ್ರಮವು ಎರಡು ಕಡೆ ಹೆಚ್ಚಾಗಿ ತಡೆಯುತ್ತದೆ. ಮೊದಲನೆಯದು ಹಳೆಯ ಪರವಾನಗಿಗಳದ್ದು. ಗಣಕೀಕರಣಕ್ಕೆ ಮೊದಲು ಪುಸ್ತಕದ ರೂಪದಲ್ಲಿ ನೀಡಿದ ಪರವಾನಗಿಗಳ ವಿವರ ಸಾರಥಿಯಲ್ಲಿ ಇಲ್ಲದಿದ್ದರೆ ಹೊಸ ರಾಜ್ಯದ ಕಚೇರಿಗೆ ಅದು ಗೋಚರಿಸುವುದಿಲ್ಲ. ಮೂಲ ಕಚೇರಿಯು ತನ್ನ ವಹಿಯನ್ನು ನೋಡಿ ಆ ವಿವರವನ್ನು ತಂತ್ರಾಂಶಕ್ಕೆ ಸೇರಿಸಬೇಕಾಗುತ್ತದೆ. ಕಚೇರಿಗಳಲ್ಲಿ ಇದನ್ನು ‘ಬ್ಯಾಕ್‌ಲಾಗ್ ಎಂಟ್ರಿ’ ಎನ್ನುತ್ತಾರೆ. ಇದು ಮುಗಿಯದೆ ವಿಳಾಸ ಬದಲಾವಣೆಯಾಗಲಿ ನವೀಕರಣವಾಗಲಿ ಮುಂದುವರಿಯದು. ಊರು ಬಿಡುವ ಮೊದಲೇ ಪರವಾನಗಿ ಸಂಖ್ಯೆಯನ್ನು ಜಾಲತಾಣದಲ್ಲಿ ಪರಿಶೀಲಿಸಿಕೊಂಡವರಿಗೆ ಒಂದು ಪ್ರಯಾಣವಾದರೂ ಉಳಿಯುತ್ತದೆ.

ಎರಡನೆಯದು ವಿಳಾಸದ ಪುರಾವೆ. ಮತದಾರರ ಪಟ್ಟಿ, ಜೀವವಿಮಾ ಪಾಲಿಸಿ, ಪಾಸ್‌ಪೋರ್ಟ್ ಮುಂತಾದ ದಾಖಲೆಗಳನ್ನು ಕೇಂದ್ರ ನಿಯಮಗಳ 4ನೇ ನಿಯಮ ಒಪ್ಪುತ್ತದೆ. ಮಗ್ಗದ ಕೆಲಸಕ್ಕೆಂದೋ ಕಟ್ಟಡದ ಕೆಲಸಕ್ಕೆಂದೋ ಹೋಗಿ, ಲಿಖಿತ ಕರಾರಿಲ್ಲದೆ ಬಾಡಿಗೆ ಕೋಣೆಯಲ್ಲಿ ಇರುವವರ ಬಳಿ ಇವುಗಳಲ್ಲಿ ಒಂದೂ ಹೊಸ ವಿಳಾಸದಲ್ಲಿ ಇರುವುದಿಲ್ಲ. ಸಕಾರಣವಿದ್ದಲ್ಲಿ ಪ್ರಮಾಣಪತ್ರವನ್ನು (ಅಫಿಡವಿಟ್) ಸ್ವೀಕರಿಸಲು ಅದೇ ನಿಯಮ ಅವಕಾಶ ಕೊಟ್ಟಿದೆ. ಆದರೆ ಅರ್ಜಿದಾರರಲ್ಲಿ ಈ ಅವಕಾಶದ ಅರಿವು ಕಡಿಮೆ.

ಕಲಿಕಾ ಪರವಾನಗಿ ಮಾತ್ರ ಇರುವವರ ಸ್ಥಿತಿ ಬೇರೆ. ಅದರ ಅವಧಿ ಆರು ತಿಂಗಳು. ಪಡೆದ ಮೂವತ್ತು ದಿನಗಳ ನಂತರವಷ್ಟೇ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. 2019ರ ತಿದ್ದುಪಡಿಯ ನಂತರ ತಾನು ವಾಸಿಸುವ ರಾಜ್ಯದ ಯಾವುದೇ ಪರವಾನಗಿ ಪ್ರಾಧಿಕಾರದಲ್ಲಿ ಅರ್ಜಿ ಸಲ್ಲಿಸಬಹುದಾದರೂ ಈ ಸ್ವಾತಂತ್ರ್ಯ ಆ ರಾಜ್ಯದೊಳಗಿನದು. ನಡುವೆ ರಾಜ್ಯ ಬದಲಾಯಿಸುವವರು ಪರೀಕ್ಷೆಯನ್ನು ಮುಗಿಸಿಕೊಂಡೇ ಹೊರಡುವುದು ಅನುಕೂಲ.

ಸಾರಿಗೆ ವಾಹನಗಳ ಚಾಲಕರು

ಬಾಡಿಗೆ ಕಾರು, ಆಟೊ, ಬಸ್ಸು ಓಡಿಸುವವರ ಪರವಾನಗಿಯೂ ದೇಶದಾದ್ಯಂತ ಮಾನ್ಯ. ಆದರೆ ಚಾಲಕರ ಬ್ಯಾಡ್ಜ್ ಮತ್ತು ಸಮವಸ್ತ್ರಗಳ ಬಗ್ಗೆ ನಿಯಮ ರೂಪಿಸುವ ಅಧಿಕಾರವನ್ನು 28ನೇ ಕಲಂ ರಾಜ್ಯಗಳಿಗೆ ನೀಡಿದೆ. ಆದ್ದರಿಂದ ಕರ್ನಾಟಕದ ಬ್ಯಾಡ್ಜ್ ಹೊಂದಿದ ಚಾಲಕನು ಪುಣೆಯಲ್ಲಿ ಆಟೊ ಓಡಿಸಬಯಸಿದರೆ ಮಹಾರಾಷ್ಟ್ರದ ನಿಯಮಗಳನ್ನು ಪಾಲಿಸಬೇಕಾಗುತ್ತದೆ. ಲಘು ಮೋಟಾರು ವಾಹನದ ಪರವಾನಗಿಯುಳ್ಳವರು 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮೋದನೆಯಿಲ್ಲದೆ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ತೀರ್ಪು ನೀಡಿತು. 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವು ಅದನ್ನು ಎತ್ತಿಹಿಡಿಯಿತು.

ಇತರ ದೇಶಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪರವಾನಗಿಯು ಆಯಾ ರಾಜ್ಯದ ಕಾನೂನಿನ ವಿಷಯ. ಅಲ್ಲಿ ಹೊಸ ರಾಜ್ಯದಲ್ಲಿ ನೆಲೆಸಿದವರು ನಿಗದಿತ ಅವಧಿಯೊಳಗೆ ಆ ರಾಜ್ಯದ ಪರವಾನಗಿಯನ್ನೇ ಪಡೆಯಬೇಕು: ಕ್ಯಾಲಿಫೋರ್ನಿಯಾದಲ್ಲಿ 10 ದಿನ, ನ್ಯೂಯಾರ್ಕ್‌ನಲ್ಲಿ 30 ದಿನ, ಟೆಕ್ಸಾಸ್‌ನಲ್ಲಿ 90 ದಿನ. ಹಳೆಯ ರಾಜ್ಯದ ಕಾರ್ಡನ್ನು ಸಾಮಾನ್ಯವಾಗಿ ಒಪ್ಪಿಸಬೇಕಾಗುತ್ತದೆ. ಅಲ್ಲಿ ಕೆಲವು ವರ್ಷ ಇದ್ದು ಬಂದ ಕನ್ನಡ ಕುಟುಂಬಗಳು ಭಾರತದಲ್ಲಿಯೂ ಹೀಗೆಯೇ ಇರಬಹುದೆಂದು ಭಾವಿಸುವುದುಂಟು. ಭಾರತದ ಪರವಾನಗಿಯುಳ್ಳವರು ವಿದೇಶದಲ್ಲಿ ವಾಹನ ಓಡಿಸಲು ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಅನುಮತಿ ಪತ್ರವನ್ನು ಪಡೆಯಬಹುದು. ಅದರ ಗರಿಷ್ಠ ಅವಧಿ ಒಂದು ವರ್ಷ. ಬ್ರಿಟನ್‌ನಲ್ಲಿ ನೆಲೆಸಲು ಹೋದವರು ಭಾರತದ ಪರವಾನಗಿಯಲ್ಲಿ ಹನ್ನೆರಡು ತಿಂಗಳು ಕಾರು ಓಡಿಸಬಹುದು. ಆ ನಂತರ ಅಲ್ಲಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.