ವ್ಯಾಲೆನ್ಸಿಯಾ ಕರಾವಳಿಯ ಬಿಸಿಲೂ ಮಳೆಯೂ

ಭೂಗೋಳದ ಪಾಠದಲ್ಲಿ ಮೆಡಿಟರೇನಿಯನ್ ಹವಾಗುಣವೆಂಬ ಮಾತು ಬಂದೊಡನೆ, "ಒಣ ಬೇಸಗೆ, ಮಳೆಯುಳ್ಳ ಚಳಿಗಾಲ" ಎಂದು ವಿದ್ಯಾರ್ಥಿನಿಯರು ಒಂದೇ ಉಸಿರಿನಲ್ಲಿ ಉತ್ತರ ಕೊಡುವರು. ಉತ್ತರವು ಸರಿಯಾದುದೇ. ಆದರೆ ಆ ನಾಲ್ಕು ಶಬ್ದಗಳಲ್ಲಿ ಎಷ್ಟು ಸುಖವೂ ಎಷ್ಟು ಭಯವೂ ಅಡಗಿವೆ ಎಂಬುದನ್ನು ಅರಿಯಬೇಕಾದರೆ ಒಂದು ಕರಾವಳಿಯನ್ನು ಆರಿಸಿಕೊಂಡು ಸಾವಧಾನವಾಗಿ ನೋಡಬೇಕು. ಸ್ಪೇನ್ ದೇಶದ ಪೂರ್ವತೀರದಲ್ಲಿರುವ ವ್ಯಾಲೆನ್ಸಿಯಾ ಪ್ರಾಂತವನ್ನು ನಾವು ಇಲ್ಲಿ ಆರಿಸಿಕೊಂಡಿದ್ದೇವೆ.

ನಮ್ಮ ಮಂಗಳೂರಿನ ಕಡೆಯಲ್ಲಿ ಜುಲೈ ತಿಂಗಳೆಂದರೆ ಕೊಡೆಯಿಲ್ಲದೆ ಹೊಸ್ತಿಲು ದಾಟಲಾಗದು. ವ್ಯಾಲೆನ್ಸಿಯಾದಲ್ಲಾದರೋ ಅದೇ ತಿಂಗಳು ವರ್ಷದಲ್ಲೆಲ್ಲ ಅತಿ ಒಣಗಿದ ಕಾಲ. ಬೇಸಗೆಯಲ್ಲಿ ಅಟ್ಲಾಂಟಿಕ್ ಸಾಗರದ ಅಸೋರ್ಸ್ ದ್ವೀಪಗಳ ಕಡೆಯ ಅಧಿಕ ಒತ್ತಡದ ವಲಯವು ಉತ್ತರಕ್ಕೆ ಸರಿದು ಹರಡುವುದು. ಅಲ್ಲಿ ಗಾಳಿಯು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಇಳಿಯುವ ಗಾಳಿಯು ಬೆಚ್ಚಗಾಗುವುದರಿಂದ ಮೋಡ ಕಟ್ಟುವುದಿಲ್ಲ. ಚಳಿಗಾಲದಲ್ಲಿ ಆ ವಲಯವು ದಕ್ಷಿಣಕ್ಕೆ ಹಿಂದೆಗೆಯಲು, ಪಶ್ಚಿಮ ಮಾರುತಗಳು ಮಳೆಯನ್ನು ತರುತ್ತವೆ. ಆದರೆ ವ್ಯಾಲೆನ್ಸಿಯಾ ದೇಶದ ಪೂರ್ವದಂಚಿನಲ್ಲಿ, ಬೆಟ್ಟಗಳ ಮರೆಯಲ್ಲಿ ಇರುವ ಕಾರಣ ಆ ಮಳೆಯಲ್ಲಿ ಅದರ ಪಾಲು ಸ್ವಲ್ಪವೇ. ವರ್ಷದ ಮಳೆಯೆಲ್ಲ ಸೇರಿ ಸುಮಾರು 450 ಮಿಲಿಮೀಟರ್ ಮಾತ್ರ.

ಇಷ್ಟು ಕಡಿಮೆ ನೀರಿನಲ್ಲಿ ಕಿತ್ತಳೆಯ ತೋಟಗಳೂ ಬತ್ತದ ಗದ್ದೆಗಳೂ ಹೇಗೆ ಉಳಿದುವು? ತೂರಿಯಾ ನದಿಯ ಕಾಲುವೆಗಳಿಂದ. ಆ ನೀರಿನ ವ್ಯಾಜ್ಯಗಳನ್ನು ತೀರಿಸಲು ರೈತರೇ ಆರಿಸಿದ ಪಂಚಾಯಿತರು ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ ನಗರದ ಮಹಾದೇವಾಲಯದ ಬಾಗಿಲಲ್ಲಿ ಕೂಡುತ್ತಾರೆ. ವಿಚಾರಣೆಯೆಲ್ಲ ಬಾಯಿಮಾತಿನಲ್ಲಿ ನಡೆಯುತ್ತದೆ. ಈ ಪುರಾತನ ನೀರಿನ ನ್ಯಾಯಸಭೆಯನ್ನು ಯುನೆಸ್ಕೋ ಸಂಸ್ಥೆಯು 2009ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೀಗೆ ಹನಿ ನೀರಿಗೂ ಲೆಕ್ಕವಿಡುವ ನಾಡಿಗೆ ಶರತ್ಕಾಲದಲ್ಲಿ ನೀರೇ ಶತ್ರುವಾಗುವುದುಂಟು. ಬೇಸಗೆಯ ಬಿಸಿಲನ್ನೆಲ್ಲ ಕುಡಿದ ಸಮುದ್ರವು ಅಕ್ಟೋಬರ್ ತಿಂಗಳಲ್ಲಿಯೂ ಬೆಚ್ಚಗೇ ಇರುತ್ತದೆ. ಆಗ ಕೆಲವು ಸಲ ಉತ್ತರದ ಶೀತವಾಯುವಿನ ಒಂದು ತುಂಡು ಮೇಲಿನ ಪ್ರವಾಹದಿಂದ ಕತ್ತರಿಸಲ್ಪಟ್ಟು, ಎತ್ತರದಲ್ಲಿ ನಿಂತುಬಿಡುವುದು. ಕೆಳಗೆ ಮೂಡಣ ಗಾಳಿಯು ಸಮುದ್ರದ ಆವಿಯನ್ನು ಹೊತ್ತು ತಂದು ಬೆಟ್ಟಗಳಿಗೆ ತಾಗಿ ಮೇಲೇರುವುದು. ಕುದಿಯುವ ಅನ್ನದ ಪಾತ್ರೆಯ ಮೇಲೆ ತಣ್ಣನೆಯ ತಟ್ಟೆಯನ್ನು ಮುಚ್ಚಿದರೆ ಹಬೆಯು ನೀರಾಗಿ ತೊಟ್ಟಿಕ್ಕುವುದಷ್ಟೆ. ಅದರಂತೆಯೇ ಇಲ್ಲಿಯೂ ಆವಿಯು ಎತ್ತರದ ತಂಪಿನಲ್ಲಿ ನೀರಾಗಿ ಸುರಿಯುತ್ತದೆ. ಗಾಳಿಯು ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ನೂರಕ್ಕೆ ಸುಮಾರು ಏಳು ಪಾಲು ಹೆಚ್ಚು ಆವಿಯನ್ನು ಹಿಡಿಯಬಲ್ಲದು. ಆದುದರಿಂದ ಸಮುದ್ರವೂ ಗಾಳಿಯೂ ಬಿಸಿಯಾಗುತ್ತಿರುವ ಈ ದಿನಗಳಲ್ಲಿ ಅಂಥ ಮಳೆಯ ರಭಸವೂ ಹೆಚ್ಚುವುದು ಸಹಜ.

2024ನೆಯ ಅಕ್ಟೋಬರ್ 29ರಂದು ತೂರಿಸ್ ಎಂಬ ಊರಿನಲ್ಲಿ ಒಂದೇ ದಿನದಲ್ಲಿ 770 ಮಿಲಿಮೀಟರಿಗೂ ಮಿಕ್ಕ ಮಳೆ ಬಿತ್ತು. ಅದರಲ್ಲಿ 180 ಮಿಲಿಮೀಟರಿಗೂ ಹೆಚ್ಚು ಒಂದೇ ಗಂಟೆಯಲ್ಲಿ ಸುರಿಯಿತು. ವರ್ಷದ ಬಹುಕಾಲ ಒಣಗಿ ಬಿದ್ದಿರುವ ಪೋಯೋ ಹಳ್ಳವು ಉಕ್ಕಿ ಪೈಪೋರ್ತಾ ಮೊದಲಾದ ಊರುಗಳಿಗೆ ನುಗ್ಗಿತು. ಆ ಊರುಗಳಲ್ಲಿ ಅಂದು ಮಳೆ ಬಿದ್ದುದು ಬಹಳ ಅಲ್ಪ. ತಲೆಯ ಮೇಲೆ ಮಳೆಯಿಲ್ಲದಿರುವಾಗ ಪ್ರವಾಹ ಬರುವುದೆಂದು ಯಾರು ತಾನೇ ಎಣಿಸಿಯಾರು? ವಾಹನಗಳನ್ನು ಉಳಿಸಿಕೊಳ್ಳಲು ನೆಲಮಾಳಿಗೆಗೆ ಇಳಿದವರಲ್ಲಿ ಕೆಲವರು ಅಲ್ಲಿಯೇ ಮುಳುಗಿದರು. ಆ ಪ್ರಾಂತದಲ್ಲಿ ಸತ್ತವರು 220ಕ್ಕೂ ಹೆಚ್ಚು ಮಂದಿ.

ವ್ಯಾಲೆನ್ಸಿಯಾ ನಗರದ ಹೆಚ್ಚಿನ ಭಾಗವು ಅಂದು ಪಾರಾಯಿತು. 1957ರ ಅಕ್ಟೋಬರ್ 14ರಂದು ತೂರಿಯಾ ನದಿಯು ಉಕ್ಕಿ ನಗರವನ್ನು ಮುಳುಗಿಸಿದ ಬಳಿಕ, ನಗರದ ದಕ್ಷಿಣಕ್ಕೆ ಹೊಸ ಪಾತ್ರವನ್ನು ತೋಡಿ ನದಿಯನ್ನೇ ತಿರುಗಿಸಿದ್ದರು. ಹಳೆಯ ಪಾತ್ರವು ಈಗ ಉದ್ಯಾನವಾಗಿದೆ. ಆದರೆ ಮುಳುಗಿದ ಊರುಗಳು ಹೊಸ ಪಾತ್ರದ ಆಚೆಯಲ್ಲಿದ್ದುವು. ಅದರ ರಕ್ಷೆಯು ಅವುಗಳಿಗೆ ದೊರೆಯಲಿಲ್ಲ.

ಇಲ್ಲಿ ನಾವು ಮುಖ್ಯವಾಗಿ ಗಮನಿಸತಕ್ಕ ಮಾತೊಂದಿದೆ. ಹವಾಮಾನ ಇಲಾಖೆಯು ಅಂದು ಬೆಳಿಗ್ಗೆ 8 ಗಂಟೆಗೆ ಮೊದಲೇ ಅತ್ಯಂತ ಅಪಾಯದ ಕೆಂಪು ಸೂಚನೆಯನ್ನು ಹೊರಡಿಸಿತ್ತು. ವ್ಯಾಲೆನ್ಸಿಯಾ ವಿಶ್ವವಿದ್ಯಾನಿಲಯವು ಮುನ್ಸೂಚನೆಗಳನ್ನು ನೋಡಿ ಆ ದಿನದ ತರಗತಿಗಳನ್ನು ಮೊದಲೇ ನಿಲ್ಲಿಸಿತ್ತು. ಜನರ ಫೋನುಗಳಿಗೆ ಸರಕಾರದ ಎಚ್ಚರಿಕೆ ಮುಟ್ಟಿದುದು ರಾತ್ರಿ 8 ಗಂಟೆ 11 ನಿಮಿಷಕ್ಕೆ. ಅಷ್ಟರಲ್ಲಿ ಅನೇಕ ಬೀದಿಗಳಲ್ಲಿ ನೀರು ಎದೆಯೆತ್ತರಕ್ಕೆ ಬಂದಿತ್ತು. ಒಂದೇ ಸೂಚನೆಯನ್ನು ಅರಿತು ನಡೆದವರಿಗೂ ಅದು ತಲುಪದವರಿಗೂ ಎಷ್ಟು ಅಂತರವಾಯಿತೆಂದು ನೋಡಿರಿ.

ಹವಾಗುಣದ ಪಾಠವನ್ನು ಪರೀಕ್ಷೆಗಾಗಿ ಮಾತ್ರ ಕಲಿಯಲಾಗದು. ಮಳೆಯ ಅಂಕೆಯ ಅರ್ಥವೇನು, ಒಣಗಿದ ಹಳ್ಳವು ಯಾವ ಬೆಟ್ಟದಿಂದ ಇಳಿದು ಬರುತ್ತದೆ, ಕೆಂಪು ಸೂಚನೆ ಬಂದ ದಿನ ಯಾರು ಎಲ್ಲಿಗೆ ಹೋಗಬಾರದು ಎಂಬುದನ್ನು ತಿಳಿದು, ಮನೆಯ ಹಿರಿಯರಿಗೂ ಅಕ್ಷರ ಬಾರದ ನೆರೆಯವರಿಗೂ ಹೊತ್ತು ಮೀರುವ ಮುಂಚೆ ಬಿಡಿಸಿ ಹೇಳುವುದು ಓದು ಕಲಿತ ಹೆಣ್ಣುಮಕ್ಕಳ ಕರ್ತವ್ಯವೆಂದು ನಾವು ಎಣಿಸುತ್ತೇವೆ.